ನೇತಾಜಿಯವರ ಕೊನೆಯ ಪಯಣ ಮತ್ತು ನಂಬಲೊಲ್ಲದ ಮನಸ್ಸು

1945ನೆಯ ಇಸವಿ ಆಗಸ್ಟ್ 23ನೆಯ ತಾರೀಖು ಟೋಕಿಯೋ ರೇಡಿಯೋ ಒಂದು ವಾರ್ತೆಯನ್ನು ಬಿತ್ತರಿಸಿತು. ಆಜಾದ್ ಹಿಂದ್ ಸರ್ಕಾರದ ನಾಯಕರಾದ ಸುಭಾಷಚಂದ್ರ ಬೋಸರು ಐದು ದಿನಗಳ ಹಿಂದೆ ಫಾರ್ಮೋಸಾ ದ್ವೀಪದ ತೈಹೋಕು ನಗರದಲ್ಲಿ ವಿಮಾನಾಪಘಾತಕ್ಕೆ ಸಿಕ್ಕಿ ಮರಣಹೊಂದಿದರೆಂಬುದು ಆ ವಾರ್ತೆಯ ಸಾರಾಂಶ. ಮರುದಿನದಿಂದ ನಮ್ಮ ದೇಶ ಎರಡು ಪಾಲಾಯಿತು. ನಂಬಿದವರು ಅತ್ತರು, ನಂಬದವರು ನಕ್ಕರು. “ನೇತಾಜಿಯವರು ಸಾಯುವುದೆಂದರೇನು? ಇದೂ ಅವರದೇ ಒಂದು ಉಪಾಯ” ಎಂದು ನಕ್ಕವರ ಮಾತು ಎಂಬತ್ತು ವರ್ಷ ಕಳೆದರೂ ಮುಗಿದಿಲ್ಲ. ಸಮಿತಿಗಳು ಕುಳಿತವು, ಆಯೋಗಗಳು ನೇಮಕವಾದವು, ಕಡತಗಳು ತೆರೆದವು. ಆದರೂ ಹತ್ತು ಮಂದಿ ಸೇರಿದ ಕಡೆ ಈ ಪ್ರಸ್ತಾಪ ಬಂದರೆ ಇಬ್ಬರಾದರೂ ದನಿ ಏರಿಸದೆ ಬಿಡುವುದಿಲ್ಲ.

ಚರಿತ್ರೆಯ ದೃಷ್ಟಿಯಿಂದ ಇಲ್ಲಿ ಎರಡು ಪ್ರಶ್ನೆಗಳಿವೆ. ಆ ದಿನ ನಡೆದುದೇನು ಎಂಬುದು ಮೊದಲನೆಯದು. ನಡೆದುದನ್ನು ನಂಬಲೊಲ್ಲದವರೊಡನೆ ನಾವು ಮಾತನಾಡುವ ಬಗೆ ಹೇಗೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಹೇಳಿದರೆ ಎರಡನೆಯದು ತಾನಾಗಿಯೇ ಬಗೆಹರಿಯುತ್ತದೆಂದು ಅನೇಕರ ಭಾವನೆ. ಹಾಗೆ ಬಗೆಹರಿಯಲಿಲ್ಲವೆಂಬುದೇ ಈ ಕಥೆಯ ಸ್ವಾರಸ್ಯ.

ನಂಬದವರನ್ನು ಮೂಢರೆಂದು ತಳ್ಳಿಹಾಕುವ ಮುನ್ನ ಅವರ ಕಡೆಯ ಮಾತನ್ನು ಕೇಳೋಣ. 1941ರ ಜನವರಿಯಲ್ಲಿ ಬೋಸರು ಕಲ್ಕತ್ತೆಯ ತಮ್ಮ ಮನೆಯಲ್ಲಿ ಪೋಲೀಸರ ಕಾವಲಿನಲ್ಲಿದ್ದರು. ಒಂದು ರಾತ್ರಿ ಮಹಮ್ಮದ್ ಜಿಯಾವುದ್ದೀನ್ ಎಂಬ ಹೆಸರಿನಲ್ಲಿ, ವೇಷ ಮರೆಸಿಕೊಂಡು, ಮನೆಯಿಂದ ಮಾಯವಾದರು. ಅಣ್ಣ ಶರಚ್ಚಂದ್ರ ಬೋಸರ ಮಗ ಶಿಶಿರಕುಮಾರರೇ ಕಾರು ನಡೆಸಿದವರು. ಪೇಷಾವರ, ಕಾಬೂಲುಗಳನ್ನು ದಾಟಿ, ಓರ್ಲಾಂಡೋ ಮಾಜ್ಜೋಟಾ ಎಂಬ ಇಟಲಿಯವನ ಹೆಸರಿನ ರಹದಾರಿ ಹಿಡಿದು ಅವರು ಬರ್ಲಿನ್ನಿಗೆ ತಲಪಿದರು. 1943ರಲ್ಲಿ ಜರ್ಮನಿಯ ಜಲಾಂತರ್ಗಾಮಿಯೊಂದರಲ್ಲಿ ಹೊರಟು, ನಡುಸಮುದ್ರದಲ್ಲಿ ಜಪಾನಿನ ಜಲಾಂತರ್ಗಾಮಿಗೆ ಬದಲಾಯಿಸಿಕೊಂಡು ಪೂರ್ವ ಏಷ್ಯಕ್ಕೆ ಬಂದರು. ಇಷ್ಟನ್ನು ಮಾಡಿದ ಮನುಷ್ಯ ಇನ್ನೊಂದು ಸಲವೂ ಕಣ್ಣು ತಪ್ಪಿಸಿರಬಹುದೆಂದು ಜನ ಎಣಿಸಿದರೆ ಅದರಲ್ಲಿ ಆಶ್ಚರ್ಯವೇನಿದೆ?

ಇದಕ್ಕಿಂತ ಬಲವಾದ ಕಾರಣ ಇನ್ನೊಂದುಂಟು. 1942ರ ಮಾರ್ಚ್ ಕೊನೆಯಲ್ಲಿಯೂ ಬೋಸರು ವಿಮಾನಾಪಘಾತದಲ್ಲಿ ಮಡಿದರೆಂಬ ಸುದ್ದಿ ಲೋಕವೆಲ್ಲ ಹರಡಿತ್ತು. ಗಾಂಧೀಜಿಯವರು ಬೋಸರ ತಾಯಿಗೆ ಸಂತಾಪದ ತಂತಿಯನ್ನೇ ಕಳುಹಿಸಿದ್ದರು. ಆಮೇಲೆ ಬರ್ಲಿನ್ನಿನಿಂದ ರೇಡಿಯೋದಲ್ಲಿ ಬೋಸರ ಸ್ವಂತ ಧ್ವನಿ ಕೇಳಿಬಂತು! ರೇಡಿಯೋ ಕೊಂದವರನ್ನು ರೇಡಿಯೋವೇ ಬದುಕಿಸಿತ್ತು. ಮೂರು ವರ್ಷಗಳ ತರುವಾಯ ಅದೇ ಬಗೆಯ ಸುದ್ದಿ ಅದೇ ಪೆಟ್ಟಿಗೆಯಿಂದ ಬಂದಾಗ, ಒಮ್ಮೆ ಮೋಸಹೋದ ಕಿವಿ ಅದನ್ನು ಸುಲಭವಾಗಿ ಒಪ್ಪಲಿಲ್ಲ. “ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು” ಎಂದು ನಮ್ಮ ಗಾದೆಯೇ ಹೇಳುತ್ತದಲ್ಲವೆ? ಸಾಮಾನ್ಯ ಜನರ ಮಾತಿರಲಿ, ಆಗಿನ ವೈಸರಾಯ್ ವೇವೆಲ್ಲರೂ ಈ ವಾರ್ತೆಯ ಮೇಲೆ ಸಂಶಯಪಟ್ಟು, ಅದನ್ನು ತಮ್ಮ ದಿನಚರಿಯಲ್ಲಿ ಬರೆದಿಟ್ಟರು.

ಇನ್ನು ನಡೆದ ಸಂಗತಿ. ಆಗಸ್ಟ್ 15ರಂದು ಜಪಾನು ಶರಣಾಗತವಾಯಿತು. 17ರಂದು ಬೋಸರು ಬ್ಯಾಂಕಾಕಿನಿಂದ ಸೈಗಾನಿಗೆ ಬಂದರು. ಅಲ್ಲಿಂದ ಮುಂದಕ್ಕೆ ಹೊರಟ ಜಪಾನೀ ಬಾಂಬರ್ ವಿಮಾನದಲ್ಲಿ ಅವರ ಕಡೆಯವರಿಗೆ ಸಿಕ್ಕಿದ್ದು ಎರಡೇ ಸ್ಥಳ. ಆದ್ದರಿಂದ ಕರ್ನಲ್ ಹಬೀಬುರ್ ರಹಮಾನರೊಬ್ಬರೇ ಜೊತೆಗೆ ಹೋದರು. ಉಳಿದ ಸಹಚರರೆಲ್ಲ ಸೈಗಾನಿನಲ್ಲಿಯೇ ನಿಂತರು. ಮಂಚೂರಿಯಕ್ಕೆ ಹೋಗಬೇಕಾಗಿದ್ದ ಜಪಾನೀ ಸೇನಾನಿ ಷಿಡೇಯಿಯವರೂ ಅದೇ ವಿಮಾನದಲ್ಲಿದ್ದರು. ರಾತ್ರಿ ತುರಾನಿನಲ್ಲಿ ತಂಗಿ, 18ರ ಮಧ್ಯಾಹ್ನ ವಿಮಾನ ತೈಹೋಕುವಿನಲ್ಲಿ ಇಳಿದು, ಎಣ್ಣೆ ತುಂಬಿಸಿಕೊಂಡು ಮತ್ತೆ ಮೇಲೆದ್ದಿತು. ಎದ್ದ ಸ್ವಲ್ಪ ಹೊತ್ತಿಗೆ ಯಂತ್ರ ಕೆಟ್ಟು ಕೆಳಕ್ಕೆ ಅಪ್ಪಳಿಸಿ ಉರಿಯತೊಡಗಿತು. ಷಿಡೇಯಿ ಸತ್ತರು. ಪೆಟ್ರೋಲಿನಿಂದ ತೊಯ್ದಿದ್ದ ಬೋಸರು ಉರಿಯ ನಡುವೆ ಹೊರಕ್ಕೆ ಬಂದಾಗ ಮೈಗೆ ಬೆಂಕಿ ಹತ್ತಿತ್ತು. ಅದನ್ನು ಆರಿಸಲು ಹೋಗಿ ರಹಮಾನರ ಕೈಗಳೂ ಸುಟ್ಟವು. ಸೈನಿಕ ಆಸ್ಪತ್ರೆಯಲ್ಲಿ ಯೋಷಿಮಿ ಎಂಬ ವೈದ್ಯರು ಶುಶ್ರೂಷೆ ಮಾಡಿದರು. ಅದೇ ರಾತ್ರಿ ಬೋಸರು ಕೊನೆಯುಸಿರೆಳೆದರು. ದಹನ ಅಲ್ಲಿಯೇ ನಡೆಯಿತು. ಚಿತಾಭಸ್ಮವು ಸೆಪ್ಟೆಂಬರಿನಲ್ಲಿ ಟೋಕಿಯೋ ಸೇರಿ, ರೆಂಕೋಜಿ ಎಂಬ ಸಣ್ಣ ಬೌದ್ಧ ದೇವಾಲಯದಲ್ಲಿ ಉಳಿಯಿತು.

ಇದು ರಹಮಾನರೂ, ಬದುಕುಳಿದ ಜಪಾನೀ ಅಧಿಕಾರಿಗಳೂ, ವೈದ್ಯರೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರ ಮುಂದೆ ಹೇಳಿದ ಸಾಕ್ಷ್ಯದ ತಿರುಳು. ಹೊತ್ತಿನ ವಿಷಯದಲ್ಲಿ, ಕುಳಿತ ಸ್ಥಳದ ವಿಷಯದಲ್ಲಿ ಅವರವರ ಹೇಳಿಕೆಗಳಲ್ಲಿ ವ್ಯತ್ಯಾಸಗಳಿವೆ. ಉರಿಯುವ ವಿಮಾನದಿಂದ ಹೊರಬಿದ್ದವರು ಗಡಿಯಾರ ನೋಡಿಕೊಂಡಿರುವುದಿಲ್ಲವೆಂಬುದನ್ನು ನೆನೆದರೆ ಈ ವ್ಯತ್ಯಾಸ ಸಹಜ. ಎಲ್ಲರೂ ಒಂದೇ ಪಾಠವನ್ನು ಒಪ್ಪಿಸಿದ್ದರೆ ಅದೇ ಹೆಚ್ಚಿನ ಸಂಶಯಕ್ಕೆ ಎಡೆಯಾಗುತ್ತಿತ್ತು. ಇನ್ನೊಂದು ಮಾತನ್ನೂ ಮರೆಯಬಾರದು. ಬೋಸರನ್ನು ಹಿಡಿಯಬೇಕೆಂದು ಹಂಬಲಿಸುತ್ತಿದ್ದವರು ಬ್ರಿಟಿಷರು. ವೈಸರಾಯರಿಗೇ ನಂಬಿಕೆಯಿಲ್ಲದ್ದರಿಂದ ಅವರ ಗುಪ್ತಚಾರರು ಬ್ಯಾಂಕಾಕು, ಸೈಗಾನುಗಳಿಗೆ ಹೋಗಿ ಹುಡುಕಿದರು. ಹುಡುಕಿ ಬಂದು ಕೊಟ್ಟ ವರದಿ, ಬೋಸರು ತೀರಿಕೊಂಡರೆಂದೇ. ಆ ವೈರಿಗೆ ಈ ವಿಷಯದಲ್ಲಿ ಸುಳ್ಳು ಹೇಳಿ ಆಗಬೇಕಾದ ಲಾಭವೇನೂ ಇರಲಿಲ್ಲ.

ಈ ವಾದದ ಚರಿತ್ರೆಯಲ್ಲಿ ಮೊದಲನೆಯ ಸಂಭಾಷಣೆ ನಡೆದುದು ಗಾಂಧೀಜಿಯವರೊಡನೆ. 1942ರಲ್ಲಿ ಒಮ್ಮೆ ನಂಬಿ ಮೋಸಹೋಗಿದ್ದ ಅವರು 1945ರ ವಾರ್ತೆಯನ್ನು ನಂಬಲಿಲ್ಲ. ಸುಭಾಷರು ಬದುಕಿದ್ದಾರೆಂದು ತಮಗೆ ಅನ್ನಿಸುತ್ತದೆಯೆಂದು 1946ರ ಆರಂಭದಲ್ಲಿ ಬಹಿರಂಗವಾಗಿಯೇ ನುಡಿದರು. ಮಹಾತ್ಮರ ಬಾಯಿಂದ ಬಂದ ಮಾತು; ಅವರಿಗೆ ಏನೋ ಗುಟ್ಟು ತಿಳಿದಿರಬೇಕೆಂದು ಜನ ಕಲ್ಪಿಸಿಕೊಂಡರು. ಅಷ್ಟರಲ್ಲಿ ರಹಮಾನರ ಹೇಳಿಕೆಯೂ, ಅವರು ತಂದ ಸುಟ್ಟ ಕೈಗಡಿಯಾರದ ವಿಷಯವೂ ಗಾಂಧೀಜಿಯವರಿಗೆ ತಿಳಿಯಿತು. ಆಜಾದ್ ಹಿಂದ್ ಸರ್ಕಾರದಲ್ಲಿ ಪ್ರಚಾರ ಮಂತ್ರಿಯಾಗಿದ್ದ ಎಸ್. ಎ. ಅಯ್ಯರ್ ಅವರು ಸ್ವತಃ ಕಂಡು ಮಾತನಾಡಿದರು. ಅದೇ ವರ್ಷದ ಏಪ್ರಿಲಿನಲ್ಲಿ ಗಾಂಧೀಜಿಯವರು ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬರೆದರು. ತಮ್ಮದು ಕೇವಲ ಒಂದು ಭಾವನೆಯಾಗಿತ್ತು, ಅದಕ್ಕೆ ಆಧಾರವಿರಲಿಲ್ಲ, ಈಗ ಎದುರಿಗಿರುವ ಪ್ರಮಾಣಗಳು ಬಲವಾಗಿವೆ, ಆದ್ದರಿಂದ ತಾವು ಹೇಳಿದ್ದನ್ನು ಮರೆತು ನೇತಾಜಿ ನಮ್ಮನ್ನಗಲಿದ್ದಾರೆಂಬುದಕ್ಕೆ ಮನಸ್ಸನ್ನು ಒಗ್ಗಿಸಿಕೊಳ್ಳಿರೆಂದು ಜನರನ್ನು ಕೇಳಿಕೊಂಡರು.

ಇಲ್ಲಿ ಗಮನಿಸಬೇಕಾದುದು, ಅವರ ಮನಸ್ಸನ್ನು ತಿರುಗಿಸಿದವರು ಯಾರು ಎಂಬುದು. ಬ್ರಿಟಿಷ್ ಸರ್ಕಾರದ ಪ್ರಕಟಣೆಯೊಂದೇ ಆಗಿದ್ದರೆ ಅವರು ಬಹುಶಃ ಒಪ್ಪುತ್ತಿರಲಿಲ್ಲ. ಹೇಳಿದವರು ಬೋಸರನ್ನು ಪ್ರೀತಿಸಿದವರು, ಅವರಿಗಾಗಿ ಪ್ರಾಣವನ್ನು ಒತ್ತೆಯಿಟ್ಟವರು. ಅಂಥವರು ನೊಂದು ಹೇಳಿದ ಮಾತಿಗೆ ಒಂದು ತೂಕವಿರುತ್ತದೆ. ಕೇಳಿದವರಿಗೂ ತಮ್ಮ ಭಾವನೆ ಯಾವುದು, ಪ್ರಮಾಣ ಯಾವುದು ಎಂದು ವಿಂಗಡಿಸುವ ಅಭ್ಯಾಸವಿತ್ತು.

ಎರಡನೆಯ ಸಂಭಾಷಣೆ ಹೀಗೆ ಸುಖಾಂತವಾಗಲಿಲ್ಲ. 1956ರಲ್ಲಿ ಭಾರತ ಸರ್ಕಾರ ಮೂವರ ಸಮಿತಿಯೊಂದನ್ನು ನೇಮಿಸಿತು. ಅಧ್ಯಕ್ಷರು ಆಜಾದ್ ಹಿಂದ್ ಸೇನೆಯಲ್ಲಿ ಹೋರಾಡಿದ್ದ ಷಾ ನವಾಜ್ ಖಾನರು. ಸದಸ್ಯರು ಹಿರಿಯ ಅಧಿಕಾರಿ ಎಸ್. ಎನ್. ಮೈತ್ರರು ಮತ್ತು ನೇತಾಜಿಯವರ ಅಣ್ಣ ಸುರೇಶಚಂದ್ರ ಬೋಸರು. ಸಮಿತಿ ಭಾರತದಲ್ಲಿಯೂ ಥಾಯ್ಲೆಂಡ್, ವಿಯಟ್ನಾಂ, ಜಪಾನುಗಳಲ್ಲಿಯೂ 67 ಮಂದಿ ಸಾಕ್ಷಿಗಳನ್ನು ವಿಚಾರಿಸಿತು. ರಹಮಾನರು ಆಗ ಪಾಕಿಸ್ತಾನದ ಪ್ರಜೆ. ದೆಹಲಿಗೆ ಬಂದು ಸಾಕ್ಷ್ಯ ಹೇಳಿದರು. ಕೊನೆಗೆ ಇಬ್ಬರು ಸದಸ್ಯರು ಅಪಘಾತ ನಿಜ, ಮರಣ ನಿಜ ಎಂದರು. ಅಣ್ಣ ಮಾತ್ರ ಒಪ್ಪಲಿಲ್ಲ. ಮುಖ್ಯಾಂಶಗಳ ಮೊದಲ ಕರಡಿಗೆ ಸಹಿ ಹಾಕಿದ್ದವರು ಆಮೇಲೆ ಹಿಂದೆಗೆದು, ತಮ್ಮ ತಮ್ಮ ಸತ್ತಿಲ್ಲವೆಂದು ಪ್ರತ್ಯೇಕ ವರದಿಯನ್ನೇ ಪ್ರಕಟಿಸಿದರು. ಒಂದೇ ಮೇಜಿನ ಸುತ್ತ ಕುಳಿತು, ಅವೇ ಸಾಕ್ಷಿಗಳನ್ನು ಕೇಳಿ, ಅವೇ ಕಾಗದಗಳನ್ನು ಓದಿದ ಮೂವರು ಬೇರೆ ಬೇರೆ ದಾರಿ ಹಿಡಿದರು. ತಮ್ಮನ ಸಾವಿಗೆ ಸಹಿ ಹಾಕುವುದು ಯಾವ ಅಣ್ಣನಿಗೂ ಕಷ್ಟದ ಕೆಲಸವೆಂಬುದನ್ನು ನಾವು ಮರೆಯಬಾರದು. ಆದರೆ ಸಮಿತಿಗೂ ಒಂದು ಕೊರತೆಯಿತ್ತು. ಫಾರ್ಮೋಸಾದ ಸರ್ಕಾರದೊಡನೆ ನಮಗೆ ರಾಜತಾಂತ್ರಿಕ ಸಂಬಂಧವಿಲ್ಲದ ಕಾರಣ ಅದು ಘಟನೆ ನಡೆದ ಸ್ಥಳಕ್ಕೇ ಹೋಗಲಿಲ್ಲ. ಈ ಒಂದು ಲೋಪ ನಂಬದವರ ಕೈಗೆ ಮುಂದೆ ಬಹುಕಾಲ ಆಯುಧವಾಯಿತು.

ಅಲ್ಲಿಂದ ಮುಂದೆ ಕಥೆಗಳು ಕವಲೊಡೆದವು. ಬೋಸರು ರಷ್ಯದ ಸೆರೆಯಲ್ಲಿದ್ದಾರೆಂದು ಕೆಲವರು. ಸಂನ್ಯಾಸಿಯಾಗಿ ದೇಶದಲ್ಲಿಯೇ ಇದ್ದಾರೆಂದು ಕೆಲವರು. 1960ರ ಸುಮಾರಿಗೆ ಉತ್ತರ ಬಂಗಾಳದ ಶೌಲ್ಮಾರಿ ಆಶ್ರಮದ ಸಾಧುವೊಬ್ಬರೇ ನೇತಾಜಿಯೆಂದು ಗುಲ್ಲೆದ್ದಿತು. ತಾವು ಅವರಲ್ಲವೆಂದು ಸಾಧುಗಳೇ ಹೇಳಿದರು. “ಇನ್ನೇನು, ಹೌದೆಂದು ಒಪ್ಪಿಕೊಳ್ಳುತ್ತಾರೆಯೆ?” ಎಂದರು ಭಕ್ತರು. ಅಲ್ಲವೆಂಬ ಮಾತೇ ಹೌದೆಂಬುದಕ್ಕೆ ಸಾಕ್ಷಿಯಾಯಿತು! ವಾದವು ಈ ಹಂತಕ್ಕೆ ಬಂದ ಮೇಲೆ ಪ್ರಮಾಣಗಳಿಗೆ ಅಲ್ಲಿ ಕೆಲಸವಿರುವುದಿಲ್ಲ. ಮುಂದೆ ಫೈಜಾಬಾದಿನಲ್ಲಿ ಮುಖ ತೋರದೆ ಬಾಳಿ, 1985ರಲ್ಲಿ ತೀರಿಕೊಂಡ ‘ಗುಮ್ನಾಮಿ ಬಾಬಾ’ ಎಂಬವರ ವಿಷಯದಲ್ಲಿಯೂ ಇದೇ ಮಾತು ಹುಟ್ಟಿತು.

1970ರಲ್ಲಿ ನ್ಯಾಯಮೂರ್ತಿ ಜಿ. ಡಿ. ಖೋಸ್ಲಾ ಅವರ ಆಯೋಗ ನೇಮಕವಾಯಿತು. ಅದು 224 ಸಾಕ್ಷಿಗಳನ್ನು ಕೇಳಿ, 1974ರಲ್ಲಿ ಅಪಘಾತದ ಸಂಗತಿಯನ್ನೇ ದೃಢಪಡಿಸಿತು. 1999ರಲ್ಲಿ ನೇಮಕವಾದ ನ್ಯಾಯಮೂರ್ತಿ ಮನೋಜಕುಮಾರ ಮುಖರ್ಜಿಯವರ ಆಯೋಗವಾದರೋ 2005ರಲ್ಲಿ ಬೇರೆ ತೀರ್ಪು ಕೊಟ್ಟಿತು. ಬೋಸರು ಈಗ ಜೀವಿಸಿಲ್ಲ, ಆದರೆ ವಿಮಾನಾಪಘಾತದಲ್ಲಿ ಸಾಯಲಿಲ್ಲ, ರೆಂಕೋಜಿಯ ಭಸ್ಮ ಅವರದಲ್ಲ ಎಂದು ಅದು ಹೇಳಿತು. ಆ ದಿನ ಅಂಥ ಅಪಘಾತ ನಡೆದ ದಾಖಲೆ ತೈವಾನಿನಲ್ಲಿ ಸಿಕ್ಕದಿದ್ದುದು ಅದರ ಮುಖ್ಯ ಕಾರಣಗಳಲ್ಲೊಂದು. ಸರ್ಕಾರ 2006ರಲ್ಲಿ ಈ ವರದಿಯನ್ನು ಒಪ್ಪಲಿಲ್ಲ. ಚರಿತ್ರಕಾರರಲ್ಲಿ ಹೆಚ್ಚಿನವರೂ ಒಪ್ಪಿಲ್ಲ. ಸೋತು ಶರಣಾದ ಸೈನ್ಯವೊಂದರ ವಿಮಾನ ಬಿದ್ದ ಸಂಗತಿ, ಆಮೇಲೆ ಆಳಲು ಬಂದ ಬೇರೊಂದು ಸರ್ಕಾರದ ಕಡತದಲ್ಲಿ ಸಿಕ್ಕಲಿಲ್ಲವೆಂದರೆ ಆಶ್ಚರ್ಯವಿಲ್ಲವೆಂಬುದು ಅವರ ಸಮಾಧಾನ. ಆದರೂ ಒಂದು ಆಯೋಗ ಹೀಗೆ ಹೇಳಿತೆಂಬುದನ್ನು ಮುಚ್ಚಿಡಬಾರದು. ನಂಬದವರೊಡನೆ ಮಾತನಾಡುವಾಗ ನಮ್ಮ ಪಕ್ಷಕ್ಕೆ ಅನುಕೂಲವಾದುದನ್ನು ಮಾತ್ರ ಎತ್ತಿ ಆಡಿದರೆ, ಉಳಿದುದನ್ನು ಅವರೇ ಎತ್ತಿ ಆಡುತ್ತಾರೆ. ಆಗ ನಮ್ಮ ನಿಜವೂ ಸುಳ್ಳಿನಂತೆ ಕಾಣುತ್ತದೆ. ಇದೇ ಆಯೋಗ ಗುಮ್ನಾಮಿ ಬಾಬಾ ನೇತಾಜಿಯೆನ್ನಲು ಖಚಿತವಾದ ಪ್ರಮಾಣವಿಲ್ಲವೆಂದೂ ಹೇಳಿತು. ಅದರ ಮೊದಲ ಮಾತನ್ನು ಮೆಚ್ಚಿದ ಕೆಲವರಿಗೆ ಈ ಎರಡನೆಯ ಮಾತು ರುಚಿಸಲಿಲ್ಲ.

ಕಡತಗಳೆಲ್ಲ ಹೊರಬಂದರೆ ಸಾಕು, ನಿಜ ಬಯಲಾಗುತ್ತದೆಂದು ಬಹುಕಾಲದ ಕೂಗಾಗಿತ್ತು. ಕೂಗು ನ್ಯಾಯವಾದದ್ದೇ. 2015ರ ಸೆಪ್ಟೆಂಬರಿನಲ್ಲಿ ಪಶ್ಚಿಮ ಬಂಗಾಳ ಸರ್ಕಾರ 64 ಕಡತಗಳನ್ನು ತೆರೆಯಿತು. 2016ರ ಜನವರಿ 23ರಂದು, ನೇತಾಜಿಯವರ ಜನ್ಮದಿನ, ಕೇಂದ್ರ ಸರ್ಕಾರ 100 ಕಡತಗಳನ್ನು ಸಾರ್ವಜನಿಕರ ಮುಂದಿಟ್ಟಿತು. ಅದೇ ವರ್ಷ ಜಪಾನ್ ಸರ್ಕಾರದ 1956ರ ತನಿಖೆಯ ವರದಿಯೂ ಬೆಳಕು ಕಂಡಿತು. ಅದೂ ಅಪಘಾತದ ಸಂಗತಿಯನ್ನೇ ಹೇಳುತ್ತಿತ್ತು. ಬೋಸರು ಬದುಕಿದ್ದರೆಂಬುದಕ್ಕೆ ಈ ಕಾಗದಗಳಲ್ಲಿ ಯಾವ ಪ್ರಮಾಣವೂ ದೊರೆಯಲಿಲ್ಲ. ವಾದ ನಿಂತಿತೆ? ಇಲ್ಲ. “ಮುಖ್ಯವಾದ ಕಡತವನ್ನು ಸುಟ್ಟಿರಬೇಕು” ಎಂಬ ಹೊಸ ಮಾತು ಹುಟ್ಟಿತು. ಹುತ್ತವನ್ನು ಬಡಿದರೆ ಹಾವು ಸಾಯುವುದಿಲ್ಲವೆಂಬ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು.

ಆದರೆ ಆ ಸಂದರ್ಭದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. 1948ರಿಂದ 1968ರವರೆಗೆ ಇಪ್ಪತ್ತು ವರ್ಷ ಸ್ವತಂತ್ರ ಭಾರತದ ಗುಪ್ತಚಾರ ಇಲಾಖೆ ಬೋಸರ ಕುಟುಂಬದವರ ಮೇಲೆ ಕಣ್ಣಿಟ್ಟಿತ್ತು. ಅವರ ಕಾಗದಗಳನ್ನು ಒಡೆದು ಓದುತ್ತಿತ್ತು. “ಸರ್ಕಾರ ಏನನ್ನೋ ಮುಚ್ಚಿಡುತ್ತಿದೆ” ಎಂದು ದಶಕಗಳ ಕಾಲ ಹೇಳಿದವರ ಮಾತಿನಲ್ಲಿ ಹೀಗೆ ಒಂದು ಪಾಲು ಸತ್ಯವಿತ್ತು. ಮುಚ್ಚಿಟ್ಟದ್ದು ಅವರು ಊಹಿಸಿದ್ದಲ್ಲ, ಅಷ್ಟೆ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲವೆನ್ನುತ್ತಾರೆ, ಆದರೆ ಹೊಗೆಯನ್ನು ಕಂಡವನು ಉರಿಯುತ್ತಿರುವುದು ಯಾವ ಮನೆಯೆಂದು ನಡೆದುಹೋಗಿ ನೋಡಬೇಕು. ಸರ್ಕಾರವಾದರೂ ಗುಟ್ಟನ್ನು ಅಗತ್ಯಕ್ಕಿಂತ ಹೆಚ್ಚು ಕಾಲ ಕಟ್ಟಿಡುವುದರಿಂದ ಸುಳ್ಳಿಗೆ ತಾನೇ ಗೊಬ್ಬರ ಹಾಕಿದಂತಾಗುತ್ತದೆಂಬುದನ್ನು ಇದರಿಂದ ಕಲಿಯಬೇಕು.

ಈ ಎಂಟು ದಶಕಗಳ ಅನುಭವದಿಂದ ನಮ್ಮ ಮನೆಯ ಮಾತುಕತೆಗೆ ಏನಾದರೂ ಸಹಾಯವುಂಟೆ? ಉಂಟೆಂದು ತೋರುತ್ತದೆ. ಹಬ್ಬಕ್ಕೆ ಬಂದ ದೊಡ್ಡಪ್ಪನವರೋ ಸೋದರಮಾವನವರೋ ಊಟದ ಎಲೆಯ ಮುಂದೆ ಈ ವಿಷಯವನ್ನು ಎತ್ತಿದರೆನ್ನೋಣ. “ಇದೆಲ್ಲ ಹುಚ್ಚು ಮಾತು” ಎಂದು ಕಿರಿಯರೊಬ್ಬರು ಅಂದರೆ ಅಲ್ಲಿಗೆ ಸಂಭಾಷಣೆ ಮುಗಿಯಿತು, ಜಗಳ ಶುರುವಾಯಿತು. ಅದರ ಬದಲು, “ದೊಡ್ಡಪ್ಪ, 1942ರಲ್ಲಿ ಸುಳ್ಳು ಸುದ್ದಿ ಬಂದಿದ್ದು ನಿಜ, ನೀವು ಸಂಶಯಪಡುವುದು ಸಹಜವೇ” ಎಂದು ಆರಂಭಿಸಬಹುದು. ಇದು ಉಪಚಾರದ ಮಾತಲ್ಲ, ಚರಿತ್ರೆಯ ಸಂಗತಿ. ಎದುರಿನವರ ಸಂಶಯದಲ್ಲಿ ಎಷ್ಟು ನ್ಯಾಯವಿದೆಯೋ ಅಷ್ಟನ್ನು ಮೊದಲು ಒಪ್ಪಿಬಿಟ್ಟರೆ, ಉಳಿದುದನ್ನು ಕೇಳುವ ವ್ಯವಧಾನ ಅವರಿಗೂ ಬರುತ್ತದೆ.

ಅನಂತರ ಒಂದೊಂದೇ ಪ್ರಶ್ನೆಯನ್ನು ಬೇರೆಯಾಗಿಸಬೇಕು. ವಿಮಾನ ಬಿದ್ದಿತೋ ಇಲ್ಲವೋ. ಅದರಲ್ಲಿ ಬೋಸರಿದ್ದರೋ ಇಲ್ಲವೋ. ಸರ್ಕಾರ ನಡೆದುಕೊಂಡ ರೀತಿ ಸರಿಯೋ ತಪ್ಪೋ. ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಮೂರನೆಯದಕ್ಕೆ “ತಪ್ಪು” ಎಂದು ಉತ್ತರಿಸಿದ ಮಾತ್ರಕ್ಕೆ ಮೊದಲನೆಯದಕ್ಕೆ “ಬೀಳಲಿಲ್ಲ” ಎಂಬ ಉತ್ತರ ಬರುವುದಿಲ್ಲ. ಒಂದಕ್ಕೆ ಉತ್ತರ ಸಿಕ್ಕುವ ಮುಂಚೆ ಇನ್ನೊಂದಕ್ಕೆ ಹಾರುವುದೇ ಇಂಥ ವಾದಗಳ ಸ್ವಭಾವ. ಸಮಾಧಾನದಿಂದ ಮೊದಲಿನ ಪ್ರಶ್ನೆಗೇ ಹಿಂದಿರುಗಿ ಬರಬೇಕು.

ಮತ್ತೊಂದು ಪ್ರಶ್ನೆಯನ್ನು ನಗುಮುಖದಿಂದಲೇ ಕೇಳಬಹುದು: “ಯಾವ ಪ್ರಮಾಣ ಸಿಕ್ಕಿದರೆ ನೀವು ನಿಮ್ಮ ಅಭಿಪ್ರಾಯ ಬದಲಾಯಿಸುತ್ತೀರಿ?” ಇದಕ್ಕೆ ಉತ್ತರ ಬಂದರೆ ಸಂಭಾಷಣೆಗೆ ಒಂದು ನೆಲೆ ಸಿಕ್ಕಿತು. “ಏನು ಸಿಕ್ಕಿದರೂ ಇಲ್ಲ” ಎಂದು ಬಂದರೆ, ಆ ದಿನಕ್ಕೆ ವಿಷಯ ಬದಲಾಯಿಸಿ ಪಾಯಸ ಬಡಿಸುವುದು ಲೇಸು. ಇದೇ ಪ್ರಶ್ನೆಯನ್ನು ನಮಗೂ ಕೇಳಿಕೊಳ್ಳಬೇಕು. ನಾಳೆ ಬಲವಾದ ಹೊಸ ದಾಖಲೆ ಸಿಕ್ಕಿದರೆ ನಾವು ಒಪ್ಪಲು ಸಿದ್ಧರೆ? ಸಿದ್ಧರಲ್ಲದಿದ್ದರೆ ನಮ್ಮದೂ ಅವರದೂ ಒಂದೇ ಜಾತಿಯ ಹಟ.

ಇಷ್ಟೆಲ್ಲ ಏಕೆ, ಯಾರು ಏನು ನಂಬಿದರೆ ನಮಗೇನು ಎನ್ನಬಹುದು. ಆದರೆ ಈ ನಂಬಿಕೆಯ ಬೆಲೆಯನ್ನು ತೆತ್ತವರಿದ್ದಾರೆ. ನಾಯಕನ ಮೈಮೇಲಿನ ಬೆಂಕಿಯನ್ನು ಕೈಯಿಂದ ಆರಿಸಲು ಹೋದ ರಹಮಾನರು ಈ ಕಥೆಯಲ್ಲಿ ಸುಳ್ಳುಗಾರರಾಗಬೇಕಾಗುತ್ತದೆ. ವೈದ್ಯರು, ದಾದಿಯರು, ಸಹಪ್ರಯಾಣಿಕರು, ಭಸ್ಮವನ್ನು ಕಾಯ್ದ ಅರ್ಚಕರು, ಎಲ್ಲರೂ ಒಳಸಂಚಿನ ಪಾಲುಗಾರರಾಗಬೇಕಾಗುತ್ತದೆ. ಬೋಸರ ಕುಟುಂಬದಲ್ಲಿಯೇ ಎರಡು ಅಭಿಪ್ರಾಯಗಳಾದವು. ಶರಚ್ಚಂದ್ರರೂ ಸುರೇಶಚಂದ್ರರೂ ಸಾವನ್ನು ಒಪ್ಪಲಿಲ್ಲ; ಅಂದು ಕಾರು ನಡೆಸಿದ ಶಿಶಿರಕುಮಾರರು ಒಪ್ಪಿದರು. ನೇತಾಜಿಯವರ ಮಗಳು ಅನಿತಾ ಬೋಸ್ ಫಾಫ್ ಅವರೂ ತಂದೆ ತೈಹೋಕುವಿನಲ್ಲಿಯೇ ತೀರಿಕೊಂಡರೆಂದು ನಂಬುತ್ತಾರೆ. ಸಂಶಯವುಳ್ಳವರು ಬೇಕಾದರೆ ಭಸ್ಮದ ಡಿ. ಎನ್. ಎ. ಪರೀಕ್ಷೆ ಮಾಡಿಸಲಿ, ಅದನ್ನು ಸ್ವದೇಶಕ್ಕೆ ತರುವ ಕಾಲ ಬಂದಿದೆ ಎಂದು ಅವರು 2022ರಲ್ಲಿಯೂ ಕೇಳಿಕೊಂಡರು.

ಬೋಸರು ಹುಟ್ಟಿದ್ದು 1897ರಲ್ಲಿ. ಅವರು ಇಂದಿಗೂ ಬದುಕಿದ್ದಾರೆಂದು ಹೇಳುವವರು ಈಗ ವಿರಳ. “ಎಲ್ಲಿದ್ದಾರೆ” ಎಂಬ ಪ್ರಶ್ನೆ ಸದ್ದಿಲ್ಲದೆ “ಯಾರು ಬಚ್ಚಿಟ್ಟರು” ಎಂಬ ಪ್ರಶ್ನೆಯಾಗಿ ಮಾರ್ಪಟ್ಟಿದೆ. ಆಸೆಯಾಗಿ ಆರಂಭವಾದದ್ದು ಆರೋಪವಾಗಿ ಉಳಿದಿದೆ. ಮೊದಲಿನ ಜನ ನೇತಾಜಿ ಬರುತ್ತಾರೆಂದು ಕಾದರು. ಆ ಕಾಯುವಿಕೆಯಲ್ಲಿ ಪ್ರೀತಿಯಿತ್ತು. ನಮ್ಮ ದೊಡ್ಡಪ್ಪನವರೊಡನೆ ಮಾತನಾಡುವಾಗ ಆ ಹಳೆಯ ಪ್ರೀತಿಯನ್ನು ಹುಡುಕಿ ಮಾತಾಡುವುದು ಒಳ್ಳೆಯದು. ನೇತಾಜಿಯವರ ಬಗ್ಗೆ ಅವರಿಗೆ ಏನು ಇಷ್ಟ, ಅವರ ಬಾಲ್ಯದಲ್ಲಿ ಮನೆಯವರು ಏನು ಹೇಳುತ್ತಿದ್ದರು ಎಂದು ಕೇಳಿದರೆ, ಒಳಸಂಚಿನ ವಿಷಯ ಸ್ವಲ್ಪ ಹೊತ್ತು ಹಿಂದೆ ಸರಿಯುತ್ತದೆ. ಅಷ್ಟು ಹೊತ್ತಿನಲ್ಲಿ ರೆಂಕೋಜಿಯ ಮಾತನ್ನು ಮೆಲ್ಲಗೆ ಹೇಳಬಹುದು: ಅಲ್ಲಿ ಒಂದು ಭಸ್ಮಕರಂಡ 1945ರಿಂದ ಪರದೇಶದಲ್ಲಿದೆ, ಅದನ್ನು ಮನೆಗೆ ತರಬೇಕೆಂದು ಒಬ್ಬ ಮಗಳು ಕೇಳುತ್ತಿದ್ದಾರೆ, ನೀವೇನು ಹೇಳುತ್ತೀರಿ ಎಂದು.